ಎರಡು ಜೊತೆ ರೆಕ್ಕೆಯ ವಿಮಾನ

ನಮ್ಮ ಮನೆಯ ಫ್ರಿಜ್ಜಿನ ಮೇಲೆ, ಸ್ಟೆಬಿಲೈಸರಿಗೂ ಹುಣಸೆಹಣ್ಣಿನ ಭರಣಿಗೂ ನಡುವೆ, ಮೊನ್ನೆ ಮೊನ್ನೆಯವರೆಗೆ ಒಂದು ಫ್ರೆಂಚ್ ಯುದ್ಧವಿಮಾನ ನಿಂತಿರುತ್ತಿತ್ತು. ಗಾಬರಿಯಾಗಬೇಡಿ, ಅಂಗೈ ಮೇಲೆ ಕೂರುವಷ್ಟೇ ದೊಡ್ಡದು. ಎರಡನೆಯ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನವರು ಪ್ರಯೋಗಕ್ಕೆಂದು ಕಟ್ಟಿದ ಒಂದು ವಿಮಾನದ ಪುಟ್ಟ ಮಾದರಿ ಅದು, ಡಬ್ಬಿಯಲ್ಲಿ ಬಂದ ತುಣುಕು ಅಂಟಿಸಿ ನಾನೇ ಕಟ್ಟಿದ್ದು. ನೋಡಿದವರೆಲ್ಲ ಮೊದಲು ಹೇಳುವ ಮಾತು, ನೀವು ಇದನ್ನು ತಪ್ಪು ಜೋಡಿಸಿದ್ದೀರಿ ಎಂದು. ಅವರನ್ನು ದೂರಿ ಉಪಯೋಗವಿಲ್ಲ. ನಾವು ನೀವು ಕಂಡ ವಿಮಾನಕ್ಕೆ ಮುಂದೆ ದೊಡ್ಡ ರೆಕ್ಕೆ, ಬಾಲದಲ್ಲಿ ಚಿಕ್ಕದು. ಇದಕ್ಕೆ ಮುಂದೊಂದು ಜೊತೆ ದೊಡ್ಡ ರೆಕ್ಕೆ, ಹಿಂದೊಂದು ಜೊತೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ರೆಕ್ಕೆ. ಹಿಂದಿನದರ ಎರಡೂ ತುದಿಗೆ ಕಿವಿಯ ಹಾಗೆ ನೆಟ್ಟಗೆ ನಿಂತ ಎರಡು ಪಟ್ಟಿ. ಇನ್ನು ಹಾರಿಸುವವನು, ಗುಂಡು ಹೊಡೆಯುವವನು ಇಬ್ಬರೂ ಬಾಲದ ಹತ್ತಿರದ ಗಾಜಿನ ಗೂಡಿನಲ್ಲಿ ಒಬ್ಬರ ಹಿಂದೊಬ್ಬರು ಕೂರಬೇಕು, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಸ್ಸು ಹೊಡೆದಂತೆ.

ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದ ಮನೆಯ ಪಾಟೀಲರು ಸಾಂಬ್ರಾದ ವಿಮಾನನಿಲ್ದಾಣದಲ್ಲಿ ವಿಮಾನಗಳ ನಡುವೆಯೇ ಕೆಲಸ ಮಾಡಿ ನಿವೃತ್ತರಾದವರು. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. "ಸರ, ಡಬ್ಬಿಯೊಳಗ ಎರಡು ವಿಮಾನದ ಸಾಮಾನು ಕೂಡಿ ಬಂದಾವ ನೋಡ್ರಿ," ಎಂದರು. "ಒಂದು ಜೋಡಿ ರೆಕ್ಕಿ ತಗದ ಇಡ್ರಿ, ಮುಂದ ಯಾತಕ್ಕರ ಬರ್ತಾವ."

ಅವರಿಗೆ ನಾನು ಡಬ್ಬಿಯ ಮೇಲಿನ ಚಿತ್ರ ತೋರಿಸಿದೆ. ಚಿತ್ರ ಬರೆದವನೂ ತಪ್ಪು ಮಾಡಿರಬಹುದು ಎಂಬ ಮುಖ ಮಾಡಿಕೊಂಡು ಹೋದರು.

ಈ ವಯಸ್ಸಿನಲ್ಲಿ ನನಗೇಕೆ ವಿಮಾನ ಕಟ್ಟುವ ಹುಚ್ಚು ಎಂದು ನೀವು ಕೇಳುವುದಕ್ಕೆ ಮೊದಲೇ ನನ್ನ ಹೆಂಡತಿ ಗಿರಿಜಾ ಕೇಳಿದ್ದಾಳೆ. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಮನುಷ್ಯ ನಾನು. ಮೊಳೆ ಹೊಡೆಯಲು ಹೇಳಿದರೆ ಗೋಡೆಗೂ ಬೆರಳಿಗೂ ಭೇದ ಮಾಡದವನು. ಪರದೇಶದಿಂದ ಬಂದ ಡಬ್ಬಿ ಬಿಚ್ಚಿದರೆ ಒಳಗೆ ಅಕ್ಕಿಯಲ್ಲಿ ಸಿಗುವ ಹರಳಿನಂಥ ತುಣುಕುಗಳು. ಒಂದು ಚಕ್ರ ಹಾರಿ ಹೋಗಿ ಗಿರಿಜಾ ಆರಿಸುತ್ತಿದ್ದ ತೊಗರಿಬೇಳೆಯಲ್ಲಿ ಸೇರಿಕೊಂಡಿತು. ಅದನ್ನು ಅವಳೇ ಹುಡುಕಿ ಕೊಟ್ಟಳು, ನಾನಾಗಿದ್ದರೆ ಆ ದಿನ ಸಾರಿನಲ್ಲಿ ಸಿಗುತ್ತಿತ್ತು. ಬಣ್ಣಕ್ಕೆಂದು ರವಿವಾರ ಪೇಟೆಗೆ ಹೋದೆ. ಅಲ್ಲಿ ಎಲ್ಲ ಠೋಕ ವ್ಯಾಪಾರ, ಸಗಟಿನ ಲೆಕ್ಕ, ಡಬ್ಬಿಗಿಂತ ಕಡಿಮೆ ಮಾತಿಲ್ಲ. ನೀಲಿ ಬೆರೆತ ಬೂದು ಬಣ್ಣ ಬೇಕೆಂದಾಗ ಅಂಗಡಿಯವನು ಗೇಟಿಗೋ ಕಿಟಕಿಗೋ ಎಂದು ಕೇಳಿದ. ವಿಮಾನಕ್ಕೆ ಎಂದೆ. ಅವನು ಒಂದು ಕ್ಷಣವೂ ತಡೆಯದೆ, ಹಾಗಾದರೆ ದೊಡ್ಡ ಡ್ರಮ್ಮೇ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಮರಾಠಿಯಲ್ಲಿ ಸಲಹೆ ಕೊಟ್ಟ. ಕೊನೆಗೆ ಆ ಬಣ್ಣ ಸಿಕ್ಕಿದ್ದು ಮೊಮ್ಮಕ್ಕಳ ಸ್ಕೂಲಿನ ಚಿತ್ರಕಲೆಯ ಪೆಟ್ಟಿಗೆಯಲ್ಲಿ.

ಹುಚ್ಚಿಗೆ ಕಾರಣ ಇದೆ. ಈ ವಿಮಾನವನ್ನು ನಾನು ನೋಡಿದ್ದೇನೆ. ಚಿತ್ರದಲ್ಲಿ ಅಲ್ಲ, ಆಕಾಶದಲ್ಲಿ, ಖಾನಾಪುರದಲ್ಲಿ, ನನಗೆ ಇನ್ನೂ ಸಾಲಿಗೆ ಹಾಕುವ ವಯಸ್ಸಾಗದಿದ್ದಾಗ.

ನೆನಪು ಇಷ್ಟೇ. ಸಂಜೆಯ ಹೊತ್ತು. ಕೆಂಪು ಹೆಂಚಿನ ಒಂದು ಮಾಡು. ಅದರ ಮೇಲೆ ಒಂದು ವಿಮಾನ ಹೋಗುತ್ತಿದೆ. ಮುಂದೆ ಎರಡು ರೆಕ್ಕೆ, ಹಿಂದೆ ಎರಡು ರೆಕ್ಕೆ, ಬಾಲದಲ್ಲಿ ದೀಪ ಉರಿಯುತ್ತಿದೆ. ಸದ್ದಿಲ್ಲ. ನನ್ನ ತಲೆಯ ಮೇಲಿನಿಂದ ಒಂದು ಕೈ ಚಾಚಿ ಅದನ್ನು ತೋರಿಸುತ್ತಿದೆ. ಕೈಯಲ್ಲಿ ಹಸಿರು ಬಳೆ. ಅದು ನನ್ನ ಅವ್ವನ ಕೈ.

ಅವ್ವ ನನಗೆ ಉಳಿದಿರುವುದು ಅಷ್ಟೇ. ಆ ಸಂಜೆಯ ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ಹೋದಳು. ಮನೆಯಲ್ಲಿ ಒಂದು ಫೋಟೋ ಇದೆ, ಬೆಳಗಾವಿಯ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಾಳೆ, ಎರಡೂ ಕೈ ಸೆರಗಿನೊಳಗೆ. ಅಪ್ಪ ಅವಳ ಮಾತು ತೆಗೆಯುತ್ತಿರಲಿಲ್ಲ. ನನ್ನನ್ನು ಬೆಳೆಸಿದ್ದು ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿದ್ದ ಅಜ್ಜಿ. ಬೆಲ್ಲದ ಪೆಂಟೆಗಳ ವಾಸನೆ, ಒಣಮೆಣಸಿನಕಾಯಿಯ ಚೀಲ ಇಳಿಸುವಾಗ ಇಡೀ ಓಣಿ ಒಟ್ಟಿಗೆ ಸೀನುವುದು, ಹಮಾಲರು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚುವುದು, ಇವೆಲ್ಲ ನನಗೆ ಬೇಕಾದಷ್ಟು ನೆನಪಿವೆ. ಅವ್ವನದು ಮಾತ್ರ ಒಂದು ಕೈ, ಒಂದು ವಿಮಾನ.

ಸಾಲಿಯಲ್ಲಿ ವಿಮಾನದ ಚಿತ್ರ ಬರೆಯಲು ಹೇಳಿದಾಗ ನಾನು ಅದನ್ನೇ ಬರೆದೆ. ಚಿತ್ರಕಲೆಯ ಮಾಸ್ತರರು ಹಿಂದಿನ ರೆಕ್ಕೆಗೆ ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿ, ಇದು ವಿಮಾನವೋ ಸೊಳ್ಳೆಯೋ ಎಂದು ಕೇಳಿದರು. ನಾನು ನೋಡಿದ್ದೇನೆ ಎಂದೆ. ಎಲ್ಲಿ ಎಂದರು. ಖಾನಾಪುರದಲ್ಲಿ ಎಂದದ್ದೇ ತಡ, ಇಡೀ ವರ್ಗ ಬೆಂಚು ಬಡಿದು ನಕ್ಕಿತು. ಬೆಳಗಾವಿಯ ಹುಡುಗರಿಗೆ ಆಗ ಖಾನಾಪುರವೆಂದರೆ ಹೆಂಚು, ಮಡಿಕೆ, ಆಚೆಗೆ ಕಾಡು, ಅಲ್ಲಿ ವಿಮಾನವೇ! ಆ ಮೇಲೆ ನಾನು ಆ ಮಾತು ಆಡುವುದನ್ನು ಬಿಟ್ಟೆ.

ಕಳೆದ ವರ್ಷ ಒಂದು ದಿನ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ ಏನೋ ಸಿಕ್ಕಿತು. ಕಪ್ಪುಬಿಳುಪು ಚಿತ್ರ, ಹುಲ್ಲಿನ ಮೇಲೆ ನಿಂತ ಎರಡು ಜೊತೆ ರೆಕ್ಕೆಯ ವಿಮಾನ, ಬಾಲದಲ್ಲಿ ಗಾಜಿನ ಗೂಡು. ನಾನು ಎದ್ದು ನಿಂತುಬಿಟ್ಟೆ. ಗಿರಿಜಾಳನ್ನು ಕೂಗಿ, ಇದೇ, ಇದೇ ಎಂದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿ, ಯಾರದು ಎಂದಳು.

ಆದರೆ ಚಿತ್ರದ ಕೆಳಗೆ ಬರೆದದ್ದನ್ನು ಓದಿದ ಮೇಲೆ ಕುಳಿತುಕೊಳ್ಳಬೇಕಾಯಿತು. ಆ ವಿಮಾನವನ್ನು ಕಟ್ಟಿದ್ದೇ ಒಂದು. ಅದು ಮುಗಿಯುವ ಮುನ್ನವೇ ಜರ್ಮನರು ಫ್ರಾನ್ಸಿಗೆ ನುಗ್ಗಿದ್ದರು. ಹಾರಿದ್ದು ಅವರ ಕಾವಲಿನಲ್ಲಿ, ಆಮೇಲೆ ಅವರೇ ಅದನ್ನು ತಮ್ಮ ದೇಶಕ್ಕೆ ಒಯ್ದರು. ಇದೆಲ್ಲ ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಖಾನಾಪುರದ ಹೆಂಚಿನ ಮೇಲೆ ಅದು ಹಾದುಹೋಗಲು ಯಾವ ದಾರಿಯೂ ಇಲ್ಲ. ನಾನು ದಾರಿ ಹುಡುಕಲಿಲ್ಲವೆಂದಲ್ಲ. ಗೋವಾದ ಪೋರ್ಚುಗೀಜರ ಹತ್ತಿರ ಅಂಥದ್ದೊಂದು ಇದ್ದಿರಬಹುದು, ಲೋಂಡಾದ ಕಾಡಿನ ಮೇಲೆ ದಾರಿ ತಪ್ಪಿ ಬಂದಿರಬಹುದು ಎಂದೆಲ್ಲ ಒಂದು ವಾರ ಸಿದ್ಧಾಂತ ಕಟ್ಟಿದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಇಂಥ ಸಿದ್ಧಾಂತ ಬರೆದಿದ್ದರೆ ನಮ್ಮ ಗುರುಗಳು ಕಾಗದವನ್ನು ನನ್ನ ಕೈಗೇ ವಾಪಸು ಕೊಟ್ಟು ಕಿಟಕಿಯಾಚೆ ನೋಡುತ್ತಿದ್ದರು.

ನೆನಪನ್ನು ನಂಬದಿರುವುದು ನನಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ರೈಲಿನಲ್ಲಿ ಗೋವಾಕ್ಕೆ ಹೋಗುವಾಗ ಲೋಂಡಾದಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಬೆಳುದಿಂಗಳಲ್ಲಿ ಕಾಡು ನೋಡುತ್ತ ಬಟಾಟೆವಡೆ ತಿಂದೆವೆಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಬೆಳುದಿಂಗಳನ್ನು ವರ್ಷಕ್ಕಿಷ್ಟು ಹೆಚ್ಚಿಸುತ್ತ. ಒಮ್ಮೆ ಹಳೆಯ ಡೈರಿ ತಿರುವಿದರೆ ನನ್ನದೇ ಅಕ್ಷರದಲ್ಲಿ, ಲೋಂಡಾದಲ್ಲಿ ಜೋರು ಮಳೆ ಎಂದಿದೆ. ಗಿರಿಜಾಳನ್ನು ಕೇಳಿದೆ. ಬೆಳುದಿಂಗಳೂ ಇರಲಿಲ್ಲ, ಮಳೆಯೂ ಇರಲಿಲ್ಲ, ಬೆಳಗಿನ ಹನ್ನೊಂದು ಗಂಟೆ, ನೀವು ನಿದ್ದೆ ಮಾಡಿದ್ದಿರಿ, ವಡೆ ತಿಂದದ್ದು ನಾನೊಬ್ಬಳೇ ಎಂದಳು. ಅಂದಿನಿಂದ ನಾನು ಡೈರಿ ಬರೆಯುವುದನ್ನು ನಿಲ್ಲಿಸಿಲ್ಲ, ಆದರೆ ಓದುವಾಗ ಪಕ್ಕದ ಮನೆಯವರ ಡೈರಿ ಓದಿದಂತೆ ಓದುತ್ತೇನೆ.

ಲೋಂಡಾದ ಬೆಳುದಿಂಗಳು ಹೋದರೆ ಹೋಗಲಿ, ನನಗೇನು ನಷ್ಟ? ಇದು ಹಾಗಲ್ಲ. ವಿಮಾನ ಸುಳ್ಳಾದರೆ, ಅದನ್ನು ತೋರಿಸುವ ಕೈಯೂ ಸುಳ್ಳು. ಒಂದೇ ಚಿತ್ರದಲ್ಲಿ ಅರ್ಧ ಖರೇ ಅರ್ಧ ಕಟ್ಟುಕಥೆ ಎಂದು ಹೇಳಲು ನನಗೆ ಯಾವ ಆಧಾರ? ಎಲ್ಲೋ ಮ್ಯಾಗಜೀನಿನಲ್ಲಿ ಕಂಡ ವಿಮಾನಕ್ಕೆ ನಾನೇ ಒಂದು ಕೈ ಅಂಟಿಸಿರಬಹುದು. ತಾಯಿಯಿಲ್ಲದ ಕೂಸು ಅಂಥ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಹಸಿರು ಬಳೆ ಎನ್ನುತ್ತೇನೆ. ಯಾವ ಅವ್ವನ ಕೈಯಲ್ಲಿ ಹಸಿರು ಬಳೆ ಇರುವುದಿಲ್ಲ?

ಹಾಗಾಗಿ ಡಬ್ಬಿ ತರಿಸಿದೆ. ಕೈಯಿಂದ ಕಟ್ಟುತ್ತ ಹೋದರೆ ನಿಜವಾಗಿ ಏನು ಕಂಡೆ ಎಂಬುದು ಹೊಳೆದೀತು ಎಂಬ ಆಸೆ. ಹೊಳೆಯಲಿಲ್ಲ. ಹಿಂದೆ ರೆಕ್ಕೆ ಯಾಕೆ ದೊಡ್ಡದು ಎಂಬುದು ಮಾತ್ರ ತಿಳಿಯಿತು: ಇಬ್ಬರ ಭಾರವನ್ನು ಬಾಲದಲ್ಲಿ ಹೊರಬೇಕು, ಗುಂಡು ಹೊಡೆಯುವವನಿಗೆ ಹಿಂದೆ ಏನೂ ಅಡ್ಡ ಬರಬಾರದು. ಬಹಳ ವಿಚಾರ ಮಾಡಿ ಕಟ್ಟಿದ್ದಾರೆ. ಅದು ಫ್ರೆಂಚರ ಬುದ್ಧಿ, ನನ್ನ ಅವ್ವನ ಸುದ್ದಿ ಅಲ್ಲ.

ಕೇಳಬಹುದಾದವಳು ಒಬ್ಬಳು ಇದ್ದಳು. ಅವ್ವನ ತಂಗಿ, ನನ್ನ ಚಿಗವ್ವ, ಪಾರವ್ವ. ತವರೂರು ಖಾನಾಪುರದಲ್ಲೇ ಕೊಟ್ಟದ್ದರಿಂದ ಅಲ್ಲೇ ಇದ್ದಾಳೆ, ಮಗ ಸೊಸೆ ಮೊಮ್ಮಕ್ಕಳ ಗಲಾಟೆಯ ನಡುವೆ. ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ, ಉಂಡು ಬರುತ್ತೇನೆ. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದರೆ, ಅವ್ವನ ಹೆಸರು ಬಂದರೆ ಚಿಗವ್ವ ಅಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಅತ್ತದ್ದನ್ನು ನಾನೇನೂ ನೋಡಿಲ್ಲ. ಅವಳು ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಯೇ ಕಾರಣ ಎಂದು ಗಿರಿಜಾ ಹೇಳಿದಳು. "ಕೇಳ್ರಿ ಒಂದ ಸಲ. ಇಲ್ಲ ಅಂದ್ರ ಇಲ್ಲ. ಹಿಂಗ ಫ್ರಿಜ್ಜಿನ ಬಾಗಲಾ ತಗದು ನಿಂತು ನಿಂತು ಹಾಲು ಒಡಸಾಕತ್ತೀರಿ."

ಹೋದ ರವಿವಾರ ಹೊರಟೆವು. ನಾನು ಸಾಕ್ಷಿ ವಿಚಾರಣೆಗೆ ಪೂರ್ತಿ ತಯಾರಿ ಮಾಡಿಕೊಂಡಿದ್ದೆ. ಸಾಕ್ಷಿಯ ಬಾಯಲ್ಲಿ ನಾವೇ ಉತ್ತರ ಇಡಬಾರದು ಎಂಬುದು ನಮ್ಮ ವಿದ್ಯೆಯ ಮೊದಲ ಪಾಠ. ಆದ್ದರಿಂದ ಮಾದರಿಯನ್ನು ಮೊದಲು ತೋರಿಸುವಂತಿಲ್ಲ. ಮೊದಲು ದೀಪಾವಳಿ ಹಬ್ಬದ ಮಾತು, ಆಮೇಲೆ ಹಳೆಯ ಮನೆಯ ಮಾತು, ಆಮೇಲೆ ಅವ್ವ, ಅವಳಾಗಿ ವಿಮಾನ ಎಂದರೆ ಮಾತ್ರ ಮಾದರಿ ಹೊರಗೆ. ಅದು ದಾರಿಯಲ್ಲಿ ಮುರಿಯಬಾರದೆಂದು ಗಟ್ಟಿ ರಟ್ಟಿನ ಡಬ್ಬಿ ಹುಡುಕಿದೆ. ಮನೆಯಲ್ಲಿ ಇದ್ದದ್ದು ಕುಂದಾದ ಖಾಲಿ ಡಬ್ಬಿ. ಬೆಳಗಾವಿಯಿಂದ ಯಾರ ಮನೆಗೆ ಹೋದರೂ ಕುಂದಾ ಒಯ್ಯದೆ ಹೋಗುವವರಿಲ್ಲ, ನಾವೂ ಒಂದು ತುಂಬಿದ ಡಬ್ಬಿ ತೆಗೆದುಕೊಂಡಿದ್ದೆವು. ಒಂದೇ ಅಂಗಡಿಯ ಎರಡು ಡಬ್ಬಿ ಒಂದೇ ಚೀಲದಲ್ಲಿ. ಎಂ.ಎ. ಓದಿದವನ ಯೋಜನೆ ಇದು.

ಪೀರನವಾಡಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಭತ್ತ ತೆನೆ ಹಿಡಿದು ನಿಂತಿತ್ತು. ನಾನು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸುತ್ತಿದ್ದೆ. ನಾನು ಗೇರು ಬದಲಿಸುವ ರೀತಿ ನೋಡಿದರೆ ಗಿರಿಜಾಳಿಗೆ ಎಲ್ಲ ತಿಳಿಯುತ್ತದೆ.

ಚಿಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಎಂಬತ್ತರ ಹತ್ತಿರ ಬಂದರೂ ಬೆರಳು ಚುರುಕು. ಬರ್ರಿ ಬರ್ರಿ, ಕುಂದರ್ರಿ ಎಂದು ಗಿರಿಜಾಳಿಗೆ ಬಹುವಚನ, ಯಾಕೋ ಹೊಟ್ಟಿ ಬಂದೈತಲ್ಲೋ ಎಂದು ನನಗೆ ಏಕವಚನ. ಗಿರಿಜಾ ಚೀಲದಿಂದ ಒಂದು ಡಬ್ಬಿ ತೆಗೆದು ಕೊಟ್ಟು, ಸೊಸೆಯ ಜೊತೆ ಮಾತಾಡಲು ಅಡಿಗೆಮನೆಗೆ ಹೋದಳು. ನಾನು ದೀಪಾವಳಿ ಹಬ್ಬದ ಮಾತಿಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಚಿಗವ್ವ ದಾರ ಬಿಚ್ಚಿ ಮುಚ್ಚಳ ತೆಗೆದಿದ್ದಳು.

ಕುಂದಾ ಇರಲಿಲ್ಲ. ಹತ್ತಿಯ ಮೇಲೆ ವಿಮಾನ ಕೂತಿತ್ತು.

ನನ್ನ ವಿಚಾರಣೆ ಅಲ್ಲಿಗೆ ಕೆಟ್ಟಿತು ಎಂದುಕೊಂಡೆ. ಚಿಗವ್ವ ಅದನ್ನು ಮೂಗು ಹಿಡಿದು ಎತ್ತಿದಳು, ತಿರುಗಿಸಿದಳು, ಹೊಟ್ಟೆಯ ಕೆಳಗೆ ನೋಡಿದಳು, ಬಾಲದ ಗಾಜಿನ ಗೂಡನ್ನು ಉಗುರಿನಿಂದ ಕೆರೆದು ನೋಡಿದಳು. ತಪ್ಪು ಜೋಡಿಸಿದ್ದೀ ಎನ್ನಲಿಲ್ಲ. ಅಷ್ಟು ಜನರಲ್ಲಿ ಅವಳೊಬ್ಬಳೇ ಅದನ್ನು ಹೇಳದವಳು.

"ಪಣತಿ ಎಲ್ಲಿ ಇಡೂದೋ ಇದರಾಗ?" ಎಂದಳು. "ಬಾಗಲಾನ ಇಟ್ಟಿಲ್ಲ."

ಯಾವ ಪಣತಿ ಎಂದಷ್ಟೇ ಕೇಳಿದೆ.

"ಆಕಾಶಬುಟ್ಟಿ ಅಲ್ಲೇನು? ನಿಮ್ಮವ್ವ ಮಾಡಿದ್ದು ಥೇಟ ಹಿಂಗ ಇತ್ತು. ಮುಂದ ಎರಡ ರೆಕ್ಕಿ, ಹಿಂದ ಎರಡ ರೆಕ್ಕಿ. ದೀಪ ಇಡೂ ಬಾಗಲಾ ಬಾಲದಾಗ."

ಆಕಾಶಬುಟ್ಟಿ! ಬಿದಿರಿನ ಸೀಳು, ಬಣ್ಣದ ಕಾಗದ, ಒಳಗೊಂದು ದೀಪ. ದೀಪಾವಳಿ ಬಂದರೆ ಮನೆಯ ಮುಂದೆ ಎತ್ತರದ ಗಳಕ್ಕೆ ಹಗ್ಗ ಕಟ್ಟಿ ಏರಿಸುವುದು. ರಾಮತೀರ್ಥ ನಗರದಲ್ಲಿ ನಾನೇ ಪ್ರತಿ ವರ್ಷ ಅಂಗಡಿಯ ನಕ್ಷತ್ರ ತಂದು, ಏಣಿ ಹತ್ತಿ ಕಟ್ಟುತ್ತೇನೆ. ಪೋರ್ಚುಗೀಜರವರೆಗೆ ಹೋಗಿ ಬಂದೆ, ಏಣಿಯ ಮೇಲೆ ನಿಂತಾಗ ಒಮ್ಮೆಯೂ ಹೊಳೆಯಲಿಲ್ಲ.

ಚಿಗವ್ವ ಹೇಳಿದ್ದು ಹೀಗೆ. ಆ ದೀಪಾವಳಿಗೆ ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಓಣಿಯಲ್ಲಿ ಎಲ್ಲರದೂ ನಕ್ಷತ್ರ; ನಮ್ಮದು ವಿಮಾನ ಆಗಲಿ ಎಂದು ಅಕ್ಕತಂಗಿ ಠರಾಯಿಸಿದರು. ಹೊಟ್ಟೆಯ ಭಾಗವನ್ನು ಕೂಡಿಯೇ ಕಟ್ಟಿದರು. ಆಮೇಲೆ ಯಾರು ಏನು ಮಾಡಬೇಕೆಂದು ಮಾತಾಡಿಕೊಳ್ಳದೆ, ಅವ್ವ ಹಿತ್ತಲಲ್ಲಿ ಕೂತು ಒಂದು ಜೊತೆ ರೆಕ್ಕೆ ಕಟ್ಟಿದಳು, ಚಿಗವ್ವ ಪಡಸಾಲೆಯಲ್ಲಿ ಕೂತು ಇನ್ನೊಂದು ಜೊತೆ. ಸಂಜೆ ನೋಡಿದರೆ ನಾಲ್ಕು ರೆಕ್ಕೆ.

"ನನ್ನ ರೆಕ್ಕಿ ಸೊಟ್ಟ ಇದ್ವು," ಎಂದಳು ಚಿಗವ್ವ. "ನಾನ ಅಂದ್ನಿ, ನಂದು ಒಲಿಗೆ ಹಾಕು, ನಿಂದು ಹಚ್ಚು ಅಂತ. ಅಕ್ಕ ಅಂದ್ಲು, ಯಾಕ ಒಲಿಗೆ? ಇದಕ್ಕ ಎರಡೂ ಬೇಕಾಗ್ತಾವ. ನಂದು ಮುಂದ ಹಚ್ಚಿದ್ಲು, ಮಂದಿಗೆ ಕಾಣೂ ಕಡೆ. ತನ್ನದು ಹಿಂದ ಹಚಗೊಂಡ್ಲು."

ಓಣಿಯವರು ನಕ್ಕರಂತೆ. ಇದೇನು ಪಾತರಗಿತ್ತಿಯೋ ಎಂದು ಎದುರುಮನೆಯವರು ಕೇಳಿದರಂತೆ. ಅದಕ್ಕೆ ಅವ್ವ, ಬೇರೆ ವಿಮಾನದ ರೆಕ್ಕೆ ಮುರಿದರೆ ಬೀಳುತ್ತದೆ, ನಮ್ಮದಕ್ಕೆ ಇನ್ನೊಂದು ಜೋಡಿ ಇದೆ ಎಂದಳಂತೆ. ಇದನ್ನು ಹೇಳುವಾಗ ಚಿಗವ್ವ ಅಳಲಿಲ್ಲ. ಬಾಯಿಗೆ ಸೆರಗು ಹಿಡಿದು ನಕ್ಕಳು, ಎದುರುಮನೆಯವರು ಇನ್ನೂ ಕೇಳಿಸಿಕೊಂಡಾರು ಎಂಬಂತೆ.

ನನಗೆ ಅವ್ವನ ಮಾತು ಕೇಳಿ ಗೊತ್ತಿರಲಿಲ್ಲ. ಅವಳು ಹೀಗೆ ಎದುರುತ್ತರ ಕೊಡುವವಳು ಎಂದೂ ಗೊತ್ತಿರಲಿಲ್ಲ. ಆ ಫೋಟೋದಲ್ಲಿ ಅಷ್ಟು ನೆಟ್ಟಗೆ ಕೂತವಳು!

ವಿಮಾನ ಖರೇ ಆಯಿತು. ಇನ್ನು ಕೈ ಉಳಿದಿತ್ತು. ನನ್ನ ಸಾಲಾದ ಪ್ರಶ್ನೆಗಳೆಲ್ಲ ಮರೆತುಹೋಗಿ, ನೆನಪನ್ನೇ ಹೇಳಿಬಿಟ್ಟೆ. ವಿಮಾನ ಹೆಂಚಿನ ಮೇಲೆ ಹೋಗುತ್ತಿತ್ತು, ಅವ್ವ ಕೈ ಚಾಚಿ ನನಗೆ ತೋರಿಸುತ್ತಿದ್ದಳು, ಹೌದಲ್ಲ?

ಚಿಗವ್ವ ಶೇಂಗಾದ ಮೊರ ಬದಿಗೆ ಸರಿಸಿದಳು. ಅವಳು ಹೌದು ಎಂದುಬಿಟ್ಟರೆ ನನಗೆ ಸಾಕಾಗಿತ್ತು.

"ಇಲ್ಲೋ ತಮ್ಮಾ," ಎಂದಳು. "ತೋರಸಾಕ ಆಕಿ ಕೈ ಎಲ್ಲಿ ಖಾಲಿ ಇತ್ತು? ಹಗ್ಗ ಎಳ್ಯಾಕತ್ತಿದ್ಲು."

ಇಷ್ಟು ವರ್ಷ ನನಗಾಗಿ ಚಾಚಿದ ಕೈ ಎಂದು ಇಟ್ಟುಕೊಂಡದ್ದು ಹಗ್ಗ ಎಳೆಯುವ ಕೈ. ಬಳೆಯ ಬಣ್ಣ ಕೇಳಿದೆ. ಹಬ್ಬಕ್ಕೆ ಹೊಸವು ಇಡಿಸಿಕೊಂಡಿದ್ದಳು, ಯಾವ ಬಣ್ಣ ನೆನಪಿಲ್ಲ ಎಂದಳು. ಸುಳ್ಳು ಹೇಳದ ಸಾಕ್ಷಿ ಬೇಕೆಂದು ಬಂದವನು ನಾನೇ.

"ಹಗ್ಗ ಹಿಡದಾಂವ ನೀನ," ಎಂದಳು ಆಮೇಲೆ. "ನಂಗ ಬೇಕು ಅಂತ ಹಠಾ ಮಾಡಿದ್ದಿ. ನಿನ್ನ ಕೈಯಾಗ ಕೊಟ್ಲು. ನಿನ್ನ ಮುಷ್ಟಿ ಮ್ಯಾಲೆ ತನ್ನ ಮುಷ್ಟಿ ಇಟ್ಟು ಎಳದ್ಲು. ಅದು ಮ್ಯಾಲೆ ಹೊಂಟಂಗ ನೀ ಮ್ಯಾಲೆ ನೋಡ್ಕೊಂತ ನಿಂತಿ, ಬಾಯಿ ತಕ್ಕೊಂಡು."

ನಾನು ಹುಡುಕಿದೆ. ಕಣ್ಣು ಮುಚ್ಚಿಕೊಂಡು, ಅಂಗೈಯಲ್ಲಿ, ಬೆರಳ ಸಂದಿಯಲ್ಲಿ ಹುಡುಕಿದೆ. ಹಗ್ಗದ ತರಚು, ಬೆರಳ ಮೇಲೆ ಇನ್ನೊಂದು ಕೈಯ ಬಿಸಿ, ಏನಾದರೂ. ಏನೂ ಇಲ್ಲ. ಇದ್ದದ್ದು ಅದೇ ಹೆಂಚು, ಅದೇ ದೀಪ. ನನಗೆ ನೆನಪಿಲ್ಲ ಚಿಗವ್ವ ಎಂದೆ. ಐವತ್ತು ದಾಟಿ ಬಹಳ ವರ್ಷವಾದ ಮನುಷ್ಯ ಹೇಳುವ ದನಿಯಲ್ಲಿ ಹೇಳಲಿಲ್ಲ ಎಂದು ಕಾಣುತ್ತದೆ, ಅಡಿಗೆಮನೆಯಲ್ಲಿ ಮಾತು ನಿಂತಿತು.

ಚಿಗವ್ವ ಗೋಡೆ ಹಿಡಿದು ಎದ್ದಳು. ಬಾ ಎಂದು ಅಂಗಳಕ್ಕೆ ಕರೆದಳು. ಒಂದು ಕಂಬದಿಂದ ಬಟ್ಟೆ ಒಣಹಾಕುವ ಹಗ್ಗ ಇಳಿಬಿದ್ದಿತ್ತು. ನಾನು ಬಹಳ ಎತ್ತರ ಬೆಳೆದಿದ್ದೇನೆ ಎಂದು ಬೈದು ಮೆಟ್ಟಿಲ ಮೇಲೆ ಕೂಡಿಸಿದಳು, ತಾನು ನನ್ನ ಹಿಂದೆ ನಿಂತಳು. ಹಗ್ಗದ ತುದಿ ನನ್ನ ಕೈಯಲ್ಲಿಟ್ಟು, ಕೈಯನ್ನು ಮೇಲೆತ್ತಿಸಿ, ಅದರ ಮೇಲೆ ತನ್ನ ಕೈ ಮುಚ್ಚಿದಳು. ಒಣಗಿದ, ಶೇಂಗಾಸಿಪ್ಪೆಯ ಧೂಳು ಹತ್ತಿದ ಕೈ. ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಿತ್ತು.

"ಹಿಂಗ," ಎಂದಳು. "ಅಕ್ಕನ ಕೈ ನನಕಿಂತ ಸಣ್ಣದು ಇತ್ತು."

ಗಿರಿಜಾ ಚಹದ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ನಾನು ಕೈ ಅಲುಗಿಸಲಿಲ್ಲ.

"ಸಾಕೇನೋ? ನನ್ನ ತೋಳು ನೋಯಾಕತ್ತೇತಿ."

ಇನ್ನೊಂದೀಟು ಹಿಡಿ ಚಿಗವ್ವ ಎಂದೆ.

"ಹಿಡದೇನಿ ತಗೋ," ಎಂದಳು.